ಕ್ಯಾಟ್ ಬರೆಯುವವರೇ, ಸಿಇಟಿ ಅಭ್ಯಾಸವನ್ನು ಹೊರಗೇ ಬಿಟ್ಟು ಹೋಗಿ

ಐಐಎಂಗಳ ಎಂಬಿಎ ಪ್ರವೇಶಕ್ಕೆ ನಡೆಯುವ ಕ್ಯಾಟ್‌ಗೆ ಮುನ್ನ ಬರೆದ ಮಾಕ್‌ಗಳಲ್ಲಿ, ಅಂದರೆ ಅಣಕು ಪರೀಕ್ಷೆಗಳಲ್ಲಿ, 95ರ ಆಸುಪಾಸು ಓಡಾಡುತ್ತಿದ್ದ ಪರ್ಸೆಂಟೈಲ್ ಡಿಸೆಂಬರ್‌ನ ಸ್ಕೋರ್‌ಕಾರ್ಡ್‌ನಲ್ಲಿ 82 ಆಗಿರುತ್ತದೆ. ಆಫೀಸು ಮುಗಿಸಿಕೊಂಡು ಬಂದು ರಾತ್ರಿಯೆಲ್ಲ ಕೂತು ಓದಿದವರಿಗೆ ಇದು ಸಣ್ಣ ಪೆಟ್ಟಲ್ಲ. ಪ್ರತಿ ವರ್ಷ ಎಷ್ಟೋ ಮಂದಿ ಹೀಗೇ ಬೀಳುತ್ತಾರೆ. ಅವರಲ್ಲಿ ಅನೇಕರಿಗೆ ಗಣಿತವೂ ಗೊತ್ತು, ಇಂಗ್ಲಿಷೂ ಗೊತ್ತು. ಅಂಕ ಹೋಗಿರುವುದು ಮುಟ್ಟಬಾರದ ಪ್ರಶ್ನೆಗಳನ್ನು ಮುಟ್ಟಿದ್ದರಿಂದ.

ನಮ್ಮಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆದವರ ಕೈ ಬೇರೆಯೇ ರೀತಿಯಲ್ಲಿ ಪಳಗಿರುತ್ತದೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕೊನೆಯ ಐದು ನಿಮಿಷದಲ್ಲಿ ಒಎಂಆರ್ ಹಾಳೆಯಲ್ಲಿ ಉಳಿದ ವೃತ್ತಗಳನ್ನೆಲ್ಲ ತುಂಬಿ ಬರುವುದೇ ಜಾಣತನ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲೂ ಅದೇ ಲೆಕ್ಕ. ಕ್ಯಾಟ್‌ನಲ್ಲಿ ಸರಿಯುತ್ತರಕ್ಕೆ 3 ಅಂಕ, ಆಯ್ಕೆ ಇರುವ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಸಿಇಟಿಯ ಕೈ ಇಲ್ಲಿ ದುಬಾರಿಯಾಗುತ್ತದೆ.

ಇಂಗ್ಲಿಷ್ ಭಾಷೆ ಮತ್ತು ಗದ್ಯ ಗ್ರಹಿಕೆಯ ವಿಎಆರ್‌ಸಿ ವಿಭಾಗವನ್ನೇ ನೋಡಿ. 24 ಪ್ರಶ್ನೆ, 40 ನಿಮಿಷ. ಒಬ್ಬರು ಆಯ್ಕೆ ಇರುವ 20 ಪ್ರಶ್ನೆ ಮುಟ್ಟುತ್ತಾರೆ, 10 ಸರಿ, 10 ತಪ್ಪು: 30ರಲ್ಲಿ 10 ಕಳೆದು 20 ಅಂಕ. ಇನ್ನೊಬ್ಬರು 14 ಮಾತ್ರ ಮುಟ್ಟುತ್ತಾರೆ, ಅದೇ 10 ಸರಿ, 4 ತಪ್ಪು: 26 ಅಂಕ. ಇಬ್ಬರಿಗೂ ಗೊತ್ತಿದ್ದದ್ದು ಅಷ್ಟೇ. ಆರು ಅಂಕದ ವ್ಯತ್ಯಾಸ ಬಂದದ್ದು ಬಿಡುವ ಕಡೆಯಿಂದ.

"ಊಹೆ ಮಾಡಿದರೆ ಸರಾಸರಿ ನಷ್ಟವೇನೂ ಇಲ್ಲವಲ್ಲ" ಎಂದು ಲೆಕ್ಕ ಹಾಕುವವರಿದ್ದಾರೆ. ಲೆಕ್ಕ ಸರಿಯೇ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ಸರಾಸರಿ ಸೊನ್ನೆ. ಆದರೆ ಯಾರೂ ಕಣ್ಣುಮುಚ್ಚಿ ಒತ್ತುವುದಿಲ್ಲ, ಅರ್ಧ ಓದಿ ಒತ್ತುತ್ತಾರೆ. ತಪ್ಪು ಆಯ್ಕೆಗಳನ್ನು ಗದ್ಯಭಾಗದ ಪದಗಳಿಂದಲೇ ಹೆಣೆದಿರುತ್ತಾರೆ. ಅವಸರದಲ್ಲಿ ಓದಿದವರ ಕಣ್ಣಿಗೆ ಮೊದಲು ಬೀಳುವುದೇ ಅವು. ಜೊತೆಗೆ ಪ್ರತಿ ಅನುಮಾನದ ಪ್ರಶ್ನೆಯೂ ಎರಡು ನಿಮಿಷ ನುಂಗಿರುತ್ತದೆ. ಎರಡು ಆಯ್ಕೆಗಳನ್ನು ಕಾರಣ ಕೊಟ್ಟು ತೆಗೆದುಹಾಕಲು ಆದರೆ ಮಾತ್ರ ಒತ್ತಿ, ಆಗ ಸರಾಸರಿ 1 ಅಂಕ ನಿಮ್ಮ ಕಡೆಗಿರುತ್ತದೆ. ಆಯ್ಕೆ ಇಲ್ಲದೆ ಉತ್ತರ ಟೈಪ್ ಮಾಡುವ ಟೀಟಾ ಪ್ರಶ್ನೆಗಳಿಗೆ ಕಡಿತವೇ ಇಲ್ಲ. ಅವನ್ನು ಖಾಲಿ ಬಿಟ್ಟು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಅತಿ ಹೆಚ್ಚು ಮಂದಿ ಮುಳುಗುವುದು ಅಂಕಿಅಂಶ ಮತ್ತು ತರ್ಕದ ವಿಭಾಗವಾದ ಡಿಐಎಲ್‌ಆರ್‌ನಲ್ಲಿ. 2024ರಲ್ಲಿ ಇಲ್ಲಿ 22 ಪ್ರಶ್ನೆ, ಒಂದೇ ಮಾಹಿತಿಯ ಮೇಲೆ ಹಲವು ಪ್ರಶ್ನೆ ಕೇಳುವ ಐದು ಸೆಟ್. ಮೊದಲ ಸೆಟ್‌ನ ಕೋಷ್ಟಕ ಸಲೀಸಾಗಿ ಕಾಣುತ್ತದೆ, ಪೆನ್ನು ಓಡುತ್ತದೆ. ಎಂಟನೇ ನಿಮಿಷಕ್ಕೆ ಮುಕ್ಕಾಲು ತುಂಬಿದೆ, ಎರಡು ಮನೆ ಮಾತ್ರ ಕೂರುತ್ತಿಲ್ಲ. ಹನ್ನೆರಡಕ್ಕೆ ಒಂದು ಶರತ್ತನ್ನು ತಪ್ಪಾಗಿ ಓದಿದ್ದು ಗೊತ್ತಾಗಿ ಮೊದಲಿನಿಂದ ಶುರು. "ಇಷ್ಟು ದೂರ ಬಂದಾಯ್ತು, ಈಗ ಬಿಟ್ಟರೆ ಎಲ್ಲ ನೀರುಪಾಲು" ಎಂಬ ಯೋಚನೆ ಇಲ್ಲೇ ಹುಟ್ಟುವುದು, ವರ್ಷ ಕೈತಪ್ಪುವುದೂ ಇಲ್ಲೇ. ತಲೆ ಎತ್ತುವಾಗ 21 ನಿಮಿಷ ಕಳೆದಿದೆ, ನಾಲ್ಕು ಸೆಟ್ ಓದಿಯೇ ಇಲ್ಲ. ಅವುಗಳಲ್ಲಿ ಒಂದು ಹತ್ತೇ ನಿಮಿಷದ ಕೆಲಸವಾಗಿತ್ತೆಂಬುದು ಮನೆಗೆ ಬಂದ ಮೇಲೆ ತಿಳಿಯುತ್ತದೆ. ಆದ್ದರಿಂದ ಮೊದಲ ನಾಲ್ಕೈದು ನಿಮಿಷ ಏನನ್ನೂ ಬಿಡಿಸದೆ ಐದೂ ಸೆಟ್ ಓದಿ. ಶರತ್ತುಗಳು ಖಚಿತ ಸಂಖ್ಯೆ ಕೊಡುತ್ತವೆಯೇ ಅಥವಾ "ಕನಿಷ್ಠ", "ಗರಿಷ್ಠ" ಎಂದು ತೇಲಿಸುತ್ತವೆಯೇ ನೋಡಿ. ಮೊದಲಿನವನ್ನು ಮೊದಲು ಹಿಡಿಯಿರಿ. ಎಂಟು ನಿಮಿಷಕ್ಕೆ ಒಂದು ಉತ್ತರವೂ ಬರದಿದ್ದರೆ ಆ ಸೆಟ್ ಬಿಟ್ಟು ಮುಂದೆ ಹೋಗಿ. ವಿಭಾಗ ಮುಗಿದರೆ ಹಿಂದೆ ಹೋಗುವಂತಿಲ್ಲ, ಇಲ್ಲಿ ಉಳಿಸಿದ ನಿಮಿಷವನ್ನು ಗಣಿತಕ್ಕೆ ಒಯ್ಯುವಂತೆಯೂ ಇಲ್ಲ.

ಒಂದು ವಿಭಾಗ ಕೈಕೊಟ್ಟರೆ ಇನ್ನೊಂದು ಮೇಲೆತ್ತುತ್ತದೆ ಎಂದುಕೊಳ್ಳಬೇಡಿ. ಹಳೆಯ ಐಐಎಂಗಳು ವಿಭಾಗವಾರು ಕನಿಷ್ಠ ಪರ್ಸೆಂಟೈಲ್ ನೋಡುತ್ತವೆ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿಯ ಅಂಕಗಳಿಗೂ ತೂಕವಿದೆ.

ಇನ್ನು ಮಾಕ್‌ನ 95 ಎಲ್ಲಿಂದ ಬಂತು? ಪರ್ಸೆಂಟೈಲ್ ಎಂದರೆ ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ ಎಂಬುದಷ್ಟೇ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. ಅಂದರೆ ಒಂದೊಂದು ಪರ್ಸೆಂಟೈಲಿಗೂ 2,900 ಜನಕ್ಕಿಂತ ಹೆಚ್ಚು, 90 ಬಂದರೂ ಮುಂದೆ 29,000 ಮಂದಿ. ಜೂನ್, ಜುಲೈನ ಮಾಕ್ ಬರೆಯುವವರಲ್ಲಿ ಅರ್ಧಂಬರ್ಧ ಸಿಲಬಸ್ ಓದಿದವರೇ ತುಂಬಿರುತ್ತಾರೆ. ಮನೆಯಲ್ಲಿ ಕಾಫಿ ಹೀರುತ್ತಾ, ನಡುವೆ ನಿಲ್ಲಿಸಿ ಬರೆದ ಮಾಕ್‌ನ ಅಂಕವಂತೂ ಲೆಕ್ಕಕ್ಕೇ ಇಲ್ಲ. ಪರೀಕ್ಷೆ ಮೂರು ಪಾಳಿಯಲ್ಲಿ ನಡೆಯುತ್ತದೆ: 2024ರಲ್ಲಿ ಬೆಳಿಗ್ಗೆ 8:30, ಮಧ್ಯಾಹ್ನ 12:30, ಸಂಜೆ 4:30. ಪ್ರವೇಶಪತ್ರದಲ್ಲಿ ಬಂದ ಪಾಳಿಯ ಹೊತ್ತಿಗೇ ಕೊನೆಯ ಮಾಕ್‌ಗಳನ್ನು ಬರೆಯಿರಿ. ಊಟವಾದ ಮೇಲೆ ತೂಕಡಿಸುವವರಿಗೆ 12:30ರ ಪಾಳಿ ಬೇರೆಯೇ ಪರೀಕ್ಷೆ.

ಕಂಪ್ಯೂಟರ್ ಮುಂದೆ ಆಗುವ ಎಡವಟ್ಟುಗಳೂ ಇವೆ. ಆಯ್ಕೆ ಒತ್ತಿ, "ಸೇವ್ ಅಂಡ್ ನೆಕ್ಸ್ಟ್" ಒತ್ತದೆ ಬಲಗಡೆಯ ಸಂಖ್ಯೆಗಳ ಮೇಲೆ ಕ್ಲಿಕ್ ಮಾಡಿ ಬೇರೆ ಪ್ರಶ್ನೆಗೆ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ಗೊತ್ತಿದ್ದ ಉತ್ತರವೇ ಹೀಗೆ ಹೋಗುತ್ತದೆ. ಉತ್ತರ ಗುರುತಿಸಿ "ಮಾರ್ಕ್ ಫಾರ್ ರಿವ್ಯೂ" ಹಾಕಿದ್ದಾದರೋ ಮೌಲ್ಯಮಾಪನಕ್ಕೆ ಹೋಗುತ್ತದೆ, ಅನುಮಾನದಲ್ಲಿ ಒತ್ತಿಟ್ಟದ್ದನ್ನು ಅಳಿಸದಿದ್ದರೆ ಕಡಿತವೂ ಬೀಳುತ್ತದೆ. ಕ್ಯಾಲ್ಕುಲೇಟರ್ ಪರದೆಯ ಮೇಲಿರುತ್ತದೆ, ಒಂದೊಂದು ಅಂಕಿಯನ್ನೂ ಮೌಸ್‌ನಿಂದ ಒತ್ತಬೇಕು. ಮನೆಯಲ್ಲಿ ಫೋನಿನ ಕ್ಯಾಲ್ಕುಲೇಟರ್ ಬಳಸಿ ರೂಢಿಯಾದವರ ಸಮಯ ಇಲ್ಲೇ ಸೋರುತ್ತದೆ.

ಫಲಿತಾಂಶದ ದಿನ "ಎರಡನೇ ಪಾಳಿಗೆ ಸುಲಭ ಕೊಟ್ಟರು" ಎಂಬ ಗೊಣಗಾಟ ಏಳುತ್ತದೆ. ಪಾಳಿಗಳ ಏರುಪೇರನ್ನು ಸರಿದೂಗಿಸಿದ ಸ್ಕೇಲ್ಡ್ ಸ್ಕೋರ್ ಸ್ಕೋರ್‌ಕಾರ್ಡ್‌ನಲ್ಲಿರುತ್ತದೆ. ನೀವು ಕೀ ಉತ್ತರ ಹಿಡಿದು ಕೂಡಿದ ಅಂಕ ಅದಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ.

ಆಮೇಲೆ ಫೋನುಗಳು ಶುರುವಾಗುತ್ತವೆ. "ಐಐಎಂನಲ್ಲಿ ಒಂದು ಸೀಟು ಉಳಿದಿದೆ, ಇವತ್ತೇ ಟೋಕನ್ ಕಟ್ಟಿ" ಎನ್ನುವ ಕರೆ ಬಂದರೆ ಅಲ್ಲೇ ಇಟ್ಟುಬಿಡಿ. ಐಐಎಂಗಳಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಎಂಬುದೇ ಇಲ್ಲ. ಮನಸ್ಸು ನೊಂದಿರುವಾಗಲೇ ಅಪ್ಪ ಅಮ್ಮನ ಉಳಿತಾಯ ಹೀಗೆ ಹೋಗುವುದು.

ಮತ್ತೊಮ್ಮೆ ಬರೆಯುವುದೋ ಬೇಡವೋ ಎಂದು ತೀರ್ಮಾನಿಸುವ ಮೊದಲು ನೀವು ಒತ್ತಿದ ಉತ್ತರಗಳಿರುವ ರೆಸ್ಪಾನ್ಸ್ ಶೀಟನ್ನು ತೆರೆಯಿರಿ. ಅದು ಬಂದ ಕೂಡಲೇ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಪ್ರತಿ ತಪ್ಪಿನ ಮುಂದೆ ಒಂದನ್ನು ಬರೆಯಿರಿ: ವಿಷಯ ಬರಲಿಲ್ಲ, ಬರುತ್ತಿತ್ತು ಆದರೆ ಲೆಕ್ಕ ತಪ್ಪಿತು, ಬಿಡಬೇಕಿತ್ತು. ಮೂರನೆಯದೇ ಹೆಚ್ಚಿದ್ದರೆ ಹೊಸ ಕೋಚಿಂಗ್‌ಗೆ ದುಡ್ಡು ಸುರಿಯಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ಪೆನ್ನು ಮುಟ್ಟದೆ, ಯಾವ ಪ್ರಶ್ನೆ ಬಿಡಬೇಕು ಎಂದಷ್ಟೇ ಗುರುತಿಸುವ ಅಭ್ಯಾಸವನ್ನು ವಾರಕ್ಕೆ ಎರಡು ಬಾರಿ ಮಾಡಿ.