ಬ್ರೇಕ್ ಲೈಟಿನ ಫ್ಯೂಸ್ ಪದೇಪದೇ ಹೋಗ್ತಿದ್ರೆ ದೊಡ್ಡ ಫ್ಯೂಸ್ ಹಾಕಿಸಬೇಡಿ

ಬಳ್ಳಾರಿ ಸುತ್ತಮುತ್ತ ಕಾರು ಓಡಿಸುವವರೆಲ್ಲ ದಯವಿಟ್ಟು ಓದಿ. ಬ್ರೇಕ್ ಲೈಟಿನ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ, ದೊಡ್ಡದು ಹಾಕಿದರೆ ಸರಿಹೋಗುತ್ತೆ ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ನಮ್ಮ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಮಾಡಿದರು. 10 ಆಂಪಿಯರ್‌ನ ಕೆಂಪು ಫ್ಯೂಸ್ ತೆಗೆದು 30 ಆಂಪಿಯರ್‌ನ ಹಸಿರು ಫ್ಯೂಸ್ ಕೂರಿಸಿದ್ದರು. ನಮಗೆ ಹೇಳಲೂ ಇಲ್ಲ.

ಆಮೇಲೊಂದು ದಿನ ತೋರಣಗಲ್ಲು ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಬ್ರೇಕ್ ಒತ್ತಿಕೊಂಡೇ ನಿಲ್ಲಬೇಕಿತ್ತು. ಹಿಂದಿನ ಸೀಟಿನಿಂದ ಅಮ್ಮ, "ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡಪ್ಪ" ಅಂದರು. ಸಾಲು ಮುಂದೆ ಸರಿದು ಮತ್ತೆ ನಿಂತಾಗ ಹಿಂದಿನ ಲಾರಿ ಇನ್ನೇನು ಗುದ್ದುತ್ತಿತ್ತು. "ಲೈಟೇ ಹತ್ತಂಗಿಲ್ಲಲ್ಲೋ ಅಣ್ಣ!" ಅಂತ ಡ್ರೈವರ್ ಕೂಗಿದ. ಪಕ್ಕಕ್ಕೆ ಹಾಕಿ ಡಿಕ್ಕಿ ತೆಗೆದರೆ ಒಳಗೆಲ್ಲ ಹೊಗೆ. ಅಮ್ಮ ಕೂತಿದ್ದು ಅದರ ಮುಂದೆಯೇ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆದದ್ದು ಇಷ್ಟು. ಬ್ಯಾಟರಿಯ ಕರೆಂಟ್ ಫ್ಯೂಸ್ ದಾಟಿ, ಪೆಡಲ್ ಹತ್ತಿರದ ಸ್ವಿಚ್‌ಗೆ ಬರುತ್ತದೆ. ಪೆಡಲ್ ಒತ್ತಿದಾಗ ಸ್ವಿಚ್ ಕೂಡಿಕೊಂಡು ಹಿಂದಿನ ಬಲ್ಬಿಗೆ ಹೋಗುತ್ತದೆ, ಅಲ್ಲಿಂದ ಬಾಡಿ ಅರ್ಥ್, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸ್. ಒಂದು ಬಲ್ಬು ಸಾಮಾನ್ಯವಾಗಿ 21 ವ್ಯಾಟ್. 12 ವೋಲ್ಟಿಗೆ ಲೆಕ್ಕ ಹಾಕಿದರೆ ಎಡ-ಬಲದ ಎರಡೂ ಬಲ್ಬು ಸೇರಿ ಮೂರೂವರೆ ಆಂಪಿಯರ್ ಅಷ್ಟೇ. ಅದಕ್ಕೆ 10 ಆಂಪಿಯರ್ ಧಾರಾಳವಾಗಿ ಸಾಕು. ಆದರೂ ಫ್ಯೂಸ್ ಹೋಗುತ್ತಿದೆ ಅಂದರೆ ಹೆಚ್ಚಾಗಿ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ ಅಂತ ಅರ್ಥ, ಅಲ್ವಾ? ನಮ್ಮ ಕಾರಿನಲ್ಲಿ ಡಿಕ್ಕಿ ಬಾಗಿಲ ಕೀಲಿನ ಹತ್ತಿರ, ಬಾಗಿಲು ತೆಗೆದು ಮುಚ್ಚಿ ತೆಗೆದು ಮುಚ್ಚಿ ವೈರಿನ ಸಿಪ್ಪೆ ಸವೆದಿತ್ತು. ದೊಡ್ಡ ಫ್ಯೂಸ್ ಸುಡಲಿಲ್ಲ, ಅದರ ಬದಲು ವೈರೇ ಸುಟ್ಟಿತು.

ಒಂದೇ ಕಡೆಯ ಲೈಟ್ ಹತ್ತದಿದ್ದರೆ ಮೊದಲು ಬಲ್ಬು, ಹೋಲ್ಡರ್ ನೋಡಿಸಿ. ನಮ್ಮ ಕೆಂಪು ಧೂಳು, ಮಳೆನೀರು ಸೇರಿ ಹೋಲ್ಡರ್ ಕಿಲುಬು ಹಿಡಿಯುತ್ತದೆ. ಯಾವುದೂ ಹತ್ತದಿದ್ದರೆ ಮೊದಲು ಫ್ಯೂಸ್, ಸ್ವಿಚ್ ನೋಡಿಸಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಹೆಚ್ಚಾಗಿ ಅರ್ಥ್ ಸರಿಯಿರುವುದಿಲ್ಲ. ಸ್ವಿಚ್ ಅಂಟಿಕೊಂಡರೆ ಲೈಟ್ ಉರಿಯುತ್ತಲೇ ಇರುತ್ತದೆ. ಇದೂ ಅಪಾಯವೇ, ನೀವು ಯಾವಾಗ ಬ್ರೇಕ್ ಹಾಕಿದಿರಿ ಅಂತ ಹಿಂದಿನವರಿಗೆ ತಿಳಿಯೋದೇ ಇಲ್ಲ.

ರಿಪೇರಿ ಆದ ಮೇಲೆ ಫ್ಯೂಸ್ ಡಬ್ಬಿ ತೆಗೆಸಿ. ಎಷ್ಟು ಆಂಪಿಯರ್ ಅಂತ ಸಾಮಾನ್ಯವಾಗಿ ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ಅದೇ ಅಂಕಿ ಫ್ಯೂಸಿನ ಮೇಲೂ ಇರಬೇಕು. ಇಲ್ಲದಿದ್ದರೆ ಅಲ್ಲೇ ಬದಲಿಸಿಕೊಂಡೇ ಹೊರಡಿ.