ಗಾಂಧಿ ಚೌಕದ ಹತ್ತಿರ ಗೀಸರ್ ರಿಪೇರಿ: ಕೆಲಸ ಚೊಕ್ಕ, ಬಿಲ್ ಮಾತ್ರ ಕೇಳಬೇಡಿ

ವಿಜಯಪುರದಲ್ಲಿ ಗೀಸರ್ ಮಾರೋರು ಬೇಕಾದಷ್ಟು ಜನ, ರಿಪೇರಿ ಮಾಡೋರು ಸಿಗೋದೇ ಕಷ್ಟ. ಗಾಂಧಿ ಚೌಕದಿಂದ ಸ್ಟೇಷನ್ ರೋಡ್ ಕಡೆ ಹೋಗುವಾಗ ಒಂದು ಸಣ್ಣ ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್ಡ್ ಕೂಡ ಇಲ್ಲ. ಅಲ್ಲಿನ ಮೇಸ್ತ್ರಿ ಗೀಸರನ್ನೂ ನೋಡುತ್ತಾರೆ.

ನಮ್ಮದು 15 ಲೀಟರ್, 2000 ವ್ಯಾಟ್. ನೀರೇನೋ ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟಪ್ ಅಂತ ಬಿದ್ದು ಫ್ಯಾನು, ಫ್ರಿಜ್ಜು ಎಲ್ಲಾ ಬಂದ್. ಮೊದಲು ಕಂಪನಿ ಕಡೆಯ ಹುಡುಗ ಬಂದಿದ್ದ. ಕವರ್ ಕೂಡ ಬಿಚ್ಚಲಿಲ್ಲ. ಟ್ಯಾಂಕ್ ಹೋಗಿದೆ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ ಅಂದ. ಬಂದಿದ್ದಕ್ಕೆ ಚಾರ್ಜ್ ಬೇರೆ.

ಮೇಸ್ತ್ರಿ ಮೇನ್ ಆಫ್ ಮಾಡಿ, ನೀರು ಕಾಯಿಸುವ ಕಾಯಿಲ್‌ಗೆ ಹೋಗುವ ಎರಡೂ ವೈರ್ ಬಿಡಿಸಿ, ತುದಿಗೆ ಟೇಪ್ ಸುತ್ತಿ ಮತ್ತೆ ಆನ್ ಮಾಡಿದರು. ಟ್ರಿಪ್ ಆಗಲಿಲ್ಲ. ಅಲ್ಲಿಗೆ ವೈರಿಂಗ್ ಮೇಲಿನ ಅನುಮಾನ ಹೋಯಿತು. ಮತ್ತೆ ಆಫ್ ಮಾಡಿ ಮೀಟರ್ ಹಿಡಿದರು. ಕಾಯಿಲ್‌ನ ಎರಡು ಪಿನ್ ನಡುವೆ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 26 ಓಮ್, 2000 ವ್ಯಾಟಿಗೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪಿನ್‌ನಿಂದ ಟ್ಯಾಂಕಿನ ಲೋಹದ ಮೈಗೆ ಹಿಡಿದರೆ ಏನೂ ತೋರಿಸಬಾರದು, ಅಲ್ಲೂ ಅಂಕಿ ಬಂತು. "ಟಾಕಿ ಗಟ್ಟಿ ಐತ್ರಿ ಸರ, ಕಾಯಿಲ್ ಸೀಳೈತಿ, ಕರೆಂಟ್ ಟಾಕಿ ಮೈಗೆ ಬರಾಕತ್ತೈತಿ" ಅಂದರು.

ನೀರು ಬಸಿದು, ಬೋಲ್ಟ್ ಬಿಚ್ಚಿ ಕಾಯಿಲ್ ಹೊರಗೆಳೆದಾಗ ನೋಡಬೇಕಿತ್ತು. ತಾಮ್ರದ ಬಣ್ಣವೇ ಕಾಣುತ್ತಿಲ್ಲ, ಸುತ್ತಲೂ ಬಿಳಿ ಸುಣ್ಣ, ಬೆರಳಿಂದ ಒತ್ತಿದರೆ ಚಕ್ಕೆ ಚಕ್ಕೆಯಾಗಿ ಬಕೆಟ್‌ಗೆ ಉದುರುತ್ತಿದೆ. ಪಕ್ಕದ ಮ್ಯಾಗ್ನೀಶಿಯಂ ರಾಡ್ ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯೋದೇ ಆ ರಾಡಿನ ಕೆಲಸ, ಆದ್ರೆ ಅದನ್ನು ಆಗಾಗ ಬದಲಿಸಬೇಕು ಅಂತ ಮಾರುವಾಗ ಯಾರೂ ಹೇಳಲ್ಲ ಅಲ್ವಾ? ನಮ್ಮ ಬೋರಿನ ಸವಳು ನೀರಿಗೆ ಇದೆಲ್ಲ ಬೇಗ ಆಗುತ್ತೆ. ಸುಣ್ಣ ದಪ್ಪಗೆ ಕೂತರೆ ಶಾಖ ನೀರಿಗೆ ಸರಿಯಾಗಿ ಹೋಗದೆ ಕಾಯಿಲ್ ತಾನೇ ಬೆಂದು ಸೀಳುತ್ತೆ.

ಕಾಯಿಲ್ ಎರಡು ಥರ ತೋರಿಸಿದರು, ಅಗ್ಗದ್ದರ ಮೇಲೆ ಐಎಸ್‌ಐ ಗುರುತಿರಲಿಲ್ಲ, "ಇದು ಬ್ಯಾಡ್ರಿ" ಅಂತ ಅವರೇ ಬದಿಗಿಟ್ಟರು. ಕಾಯಿಲ್, ರಾಡ್, ಗ್ಯಾಸ್ಕೆಟ್, ಕೂಲಿ ಎಲ್ಲಾ ಸೇರಿ 2,000 ರೂಪಾಯಿ ಒಳಗೇ ಆಯಿತು. ಬಿಸಿನೀರಿನ ನಲ್ಲಿಯಲ್ಲಿ ಒಂದೇ ಸಮನೆ ನೀರು ಬರೋತನಕ ಸ್ವಿಚ್ ಮುಟ್ಟೋಕೆ ಬಿಡಲಿಲ್ಲ, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲೂ ಸುಟ್ಟುಹೋಗುತ್ತೆ. ನೀರು ಎಷ್ಟು ಬಿಸಿಯಾಗಬೇಕು ಅಂತ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೂಡ ಸ್ವಲ್ಪ ಕಡಿಮೆಗೆ ಇಟ್ಟರು. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕೂರುತ್ತಂತೆ.

ಕಿರಿಕಿರಿ ಇಲ್ಲ ಅಂತಲ್ಲ. ಮುಂಜಾನೆ ಬರ್ತೀನಿ ಅಂದವರು ಬಂದಿದ್ದು ಮಧ್ಯಾಹ್ನ ಊಟ ಆದ ಮೇಲೆ. ಬಚ್ಚಲಲ್ಲಿ ಬಿದ್ದ ಸುಣ್ಣ ನಾವೇ ತೊಳೆದೆವು. ಬಿಲ್ ಕೊಡಲ್ಲ, ಗ್ಯಾರಂಟಿ ಬರೀ ಬಾಯಿಮಾತು. ಪಾರ್ಟಿನ ಡಬ್ಬಿಯನ್ನಾದರೂ ಕೇಳಿ ಇಟ್ಟುಕೊಳ್ಳಿ. ಗ್ಯಾಸ್ ಗೀಸರ್ ಮುಟ್ಟಲ್ಲ, ಅದಕ್ಕೆ ಬೇರೆಯವರನ್ನೇ ನೋಡಬೇಕು. ಫೋನ್ ಮಾಡಿದರೆ ಎತ್ತೋದು ಅಪರೂಪ, ಸುಮ್ನೆ ಅಂಗಡಿಗೇ ಹೋಗಿ ಕರೆದುಕೊಂಡು ಬರೋದು ವಾಸಿ.