ಅಪ್ಪ ಅಮ್ಮನನ್ನು ಫ್ರೇಸರ್ ದ್ವೀಪಕ್ಕೆ ಕರೆದೊಯ್ಯುವ ಮುಂಚೆ

ಊರಿಂದ ಅಪ್ಪ ಅಮ್ಮ ಬಂದರೆ ಆಸ್ಟ್ರೇಲಿಯಾದ ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಕಡೆಯ ನಾವೆಲ್ಲ ಮೊದಲು ಯೋಚಿಸುವ ಜಾಗಗಳಲ್ಲಿ ಫ್ರೇಸರ್ ದ್ವೀಪವೂ ಒಂದು. 2023ರಿಂದ ಅದರ ಅಧಿಕೃತ ಹೆಸರು ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರು ಕರೆಯುತ್ತಿದ್ದ ಹೆಸರೇ: ಗರ್ರಿ. ನಾವೂ ಹೋದ ಏಪ್ರಿಲ್‌ನಲ್ಲಿ ಹೋಗಿದ್ದೆವು. ಅಮ್ಮ ಬೆನ್ನುಮೂಳೆ ಮುರಿದುಕೊಂಡು ವಾಪಸ್ ಬಂದರು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ದ್ವೀಪದ ಎದುರು ದಡದ ರೇನ್‌ಬೋ ಬೀಚ್ ಎಂಬ ಊರಿನಿಂದ ಹೊರಡುವ ಒಂದು ದಿನದ ಟೂರ್. ಉಳಿದವರಿಗಿಂತ ತಲೆಗೆ 60 ಡಾಲರ್ ಕಡಿಮೆ ಇತ್ತು, ಅದನ್ನೇ ನೋಡಿ ಬುಕ್ ಮಾಡಿದ್ದು ನಾನು. ಅಪ್ಪನಿಗೆ 74, ಅಮ್ಮನಿಗೆ 69, ಮಗಳಿಗೆ 6. ಫಾರ್ಮ್‌ನಲ್ಲಿ ವಯಸ್ಸು ತುಂಬಿದ್ದೆ. ಆದರೆ ಆ ಬಗ್ಗೆ ಅವರ ಕಡೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. ನನಗೆ ಅನುಮಾನ ಬರಬೇಕಿದ್ದದ್ದು ಅಲ್ಲಿಯೇ.

ಈ ದ್ವೀಪ ನಮ್ಮ ಕಡೆಯ ಯಾವ ದ್ವೀಪದ ಹಾಗೂ ಇಲ್ಲ. 120 ಕಿಲೋಮೀಟರಿಗೂ ಉದ್ದ, ಹೆಚ್ಚುಕಡಿಮೆ ಪೂರ್ತಿ ಮರಳು. ಪ್ರಪಂಚದಲ್ಲಿ ಇಷ್ಟು ದೊಡ್ಡ ಮರಳಿನ ದ್ವೀಪ ಇನ್ನೊಂದಿಲ್ಲ. ಒಳಗಡೆ ಕಾಡಿನ ದಾರಿಯೂ ಮರಳೇ. ಪೂರ್ವ ದಡದ ಸೆವೆಂಟಿ ಫೈವ್ ಮೈಲ್ ಬೀಚೇ ಅಲ್ಲಿನ ಹೆದ್ದಾರಿ. ಗಂಟೆಗೆ 80 ಕಿಲೋಮೀಟರ್ ಮಿತಿ, ಪೊಲೀಸರ ತಪಾಸಣೆ, ಸೀಟ್ ಬೆಲ್ಟ್ ಎಲ್ಲ ಉಂಟು. ಸಣ್ಣ ವಿಮಾನಗಳೂ ಅದೇ ಮರಳಿನ ಮೇಲೆ ಇಳಿಯುತ್ತವೆ. ಆದರೆ ಈ ಹೆದ್ದಾರಿ ದಿನಕ್ಕೆ ಎರಡು ಸಲ ಸಮುದ್ರದ ಪಾಲಾಗುತ್ತದೆ. ಇಳಿತದಲ್ಲಿ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ, ಗಾಡಿ ಜಾರಿಕೊಂಡು ಹೋಗುತ್ತದೆ. ಭರತ ಬಂದಾಗ ಉಳಿಯುವುದು ಮೇಲಿನ ಸಡಿಲ ಮರಳೊಂದೇ. ಅದಕ್ಕೇ ಭರತದ ಹಿಂದೆ ಮುಂದೆ ಎರಡೆರಡು ಗಂಟೆ ಬೀಚಿಗೆ ಗಾಡಿ ಇಳಿಸಬೇಡಿ ಅನ್ನುವುದು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಸ್ಪತ್ರೆಯಲ್ಲಿ ಕೂತು.

ಆ ದಿನ ಬೆಳಗ್ಗೆ 8ಕ್ಕೆ ಇಳಿತ, ಮಧ್ಯಾಹ್ನ 2 ದಾಟಿದ ಮೇಲೆ ಭರತ. 7ಕ್ಕೆ ಬರಬೇಕಾದ ಬಸ್ಸು ಬಂದದ್ದು 8.40ಕ್ಕೆ. ಒಬ್ಬನೇ ಮನುಷ್ಯ, ಡ್ರೈವರೂ ಅವನೇ ಗೈಡೂ ಅವನೇ. ಅಮ್ಮನಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಹಿಂದಿನ ಚಕ್ರದ ನೇರ ಮೇಲೆ. ಮುಂದೆ ಕೂರಿಸಲಾಗುತ್ತದೆಯಾ ಅಂತ ನಮ್ಮವರು ಕೇಳಿದರು. "ಎಲ್ಲ ಸೀಟೂ ಒಂದೇ" ಎಂದು ಬಾಗಿಲು ಹಾಕಿಬಿಟ್ಟ.

ಮೆಕೆಂಜಿ ಕೆರೆ ಮಾತ್ರ ಕಣ್ಣು ತುಂಬುವ ಹಾಗಿದೆ, ಅದನ್ನು ಹೇಳದೆ ಇರಲಾರೆ. ಮರಳಿನ ಗುಡ್ಡದ ಮೇಲೆ ಬರೀ ಮಳೆನೀರು ನಿಂತ ಕೆರೆ. ಎಲೆ ಕಡ್ಡಿ ಕೊಳೆತು ಮರಳಿನ ಜೊತೆ ಬೆಸೆದುಕೊಂಡ ಪದರ ತಳದಲ್ಲಿ ನೀರು ಹಿಡಿದಿಟ್ಟಿದೆಯಂತೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಅಪ್ಪ, "ಕಾಲಿನ ಉಗುರೂ ಕಾಣ್ತದಲ್ಲೇ" ಎಂದು ಮಗುವಿನ ಹಾಗೆ ನಗುತ್ತಿದ್ದರು. ಅಲ್ಲಿ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಸಸ್ಯಾಹಾರ ಅಂತ ಬರೆದುಕೊಟ್ಟಿದ್ದರೂ ಊಟಕ್ಕೆ ಬಂದದ್ದು ಹ್ಯಾಮ್, ಅಂದರೆ ಹಂದಿಮಾಂಸ ಇಟ್ಟ ಬ್ರೆಡ್ಡು. ಅವತ್ತು ನಮ್ಮ ಹೊಟ್ಟೆ ತುಂಬಿಸಿದ್ದು ಅಮ್ಮನ ಚೀಲದಲ್ಲಿದ್ದ ಚಕ್ಕುಲಿ.

ಈಲೈ ಕ್ರೀಕ್ ಎಂಬ ತೊರೆಯ ಹತ್ತಿರ ಡಿಂಗೊ ಬಂತು. ನಾಯಿಯ ಹಾಗೆ ಕಂಡರೂ ಅದು ಕಾಡುಪ್ರಾಣಿ. 2001ರಲ್ಲಿ ಇದೇ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನನ್ನು ಡಿಂಗೊಗಳು ಕೊಂದಿದ್ದವು. ಅವುಗಳಿಗೆ ತಿನ್ನಲು ಕೊಡುವುದು ಅಪರಾಧ, ದೊಡ್ಡ ದಂಡವಿದೆ. ಆದರೆ ನಮ್ಮ ಗೈಡ್, ಫೋಟೊ ಚೆನ್ನಾಗಿ ಬರುತ್ತದೆ ಅಂತ, ಮಿಕ್ಕಿದ ಹ್ಯಾಮ್ ತುಂಡುಗಳನ್ನು ಕೈಯಾರೆ ಎಸೆದ. ಎಲ್ಲರ ಕಣ್ಣೂ ಅದರ ಮೇಲೆ. ಇನ್ನೊಂದು ಹಿಂದಿನಿಂದ ಬಂದು ಮಗಳಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತದ್ದನ್ನು ಮೊದಲು ನೋಡಿದ್ದು ಅಪ್ಪ. ಓಡಲು ತಿರುಗಿದವಳ ತೋಳು ಹಿಡಿದು ನಿಲ್ಲಿಸಿ, ಊರುಗೋಲು ಮುಂದೆ ಚಾಚಿ ನೆಟ್ಟಗೆ ನಿಂತುಬಿಟ್ಟರು. ಓಡಿದ್ದರೆ ಅದು ಬೆನ್ನಟ್ಟುತ್ತಿತ್ತು. ಮಕ್ಕಳು ಯಾವಾಗಲೂ ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಡಿಂಗೊ ಎದುರಾದರೆ ಮುಖ ಕೊಟ್ಟು ನಿಧಾನಕ್ಕೆ ಹಿಂದೆ ಸರಿಯಬೇಕು ಅನ್ನುವುದು ಅಲ್ಲಿನ ನಿಯಮ. ಅದನ್ನು ಬಸ್ಸಿನಲ್ಲೇ ಹೇಳುವುದು ಗೈಡಿನ ಕೆಲಸ. ನಮಗೆ ಯಾರೂ ಹೇಳಿರಲಿಲ್ಲ.

ಗಂಟೆ ಒಂದೂವರೆ ದಾಟಿತ್ತು. ಎರಡು ಮೂರು ಗಂಟೆ ಕಾದಿದ್ದರೆ ನೀರು ಇಳಿಯುತ್ತಿತ್ತು, ಗಾಡಿಗಳನ್ನು ಆಚೆ ದಡಕ್ಕೆ ದಾಟಿಸುವ ಬಾರ್ಜೂ ಸಿಗುತ್ತಿತ್ತು. ಅವನು ಕಾಯಲಿಲ್ಲ. ಅಲೆ ಚಕ್ರಕ್ಕೆ ಬಡಿಯುತ್ತಿದ್ದರೂ ಬಸ್ಸು ಓಡಿಸಿದ. ದ್ವೀಪದ ಒಳಗಿನ ತೊರೆಗಳು ಸಮುದ್ರಕ್ಕೆ ಹರಿಯುವಲ್ಲಿ ಮರಳು ಕೊರೆದುಹೋಗಿ ಮೆಟ್ಟಿಲಿನಂಥ ಕೊರಕಲು ಆಗಿರುತ್ತದೆ. ದೂರದಿಂದ ನೋಡಿದರೆ ಸಮತಟ್ಟು. ಅಂಥದ್ದೊಂದಕ್ಕೆ ಬಸ್ಸು ಅದೇ ವೇಗದಲ್ಲಿ ನುಗ್ಗಿತು. ಹಿಂದಿನ ಸಾಲಿನವರು ಮೇಲೆ ಹಾರಿ ಕೆಳಗೆ ಕುಕ್ಕರಿಸಿದರು. ಅಮ್ಮ ಕೂಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದು, "ಪುಟ್ಟಿ, ಸೊಂಟದಿಂದ ಮೇಲೆ ಏಳಕ್ಕಾಗ್ತಿಲ್ಲ ಕಣೇ" ಅಂದರು.

ಅವನು ಗಾಡಿ ನಿಲ್ಲಿಸಿದ, ನೋಡಿದ, "ಉಳುಕಿರಬೇಕು" ಎಂದ. ಅಲ್ಲೇ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡದೆ ನಾವು ಅವನ ಮಾತು ನಂಬಿದೆವು. ಇವತ್ತಿಗೂ ನನಗೆ ನೋವು ಕೊಡುವುದು ಇದು. ಬೆನ್ನಿಗೆ ಏಟಾದವರನ್ನು ಅಲುಗಾಡಿಸಲೇಬಾರದಿತ್ತು. ಬ್ರಿಸ್ಬೇನ್‌ನಲ್ಲಿ ಎಕ್ಸ್‌ರೇ ತೆಗೆದ ಮೇಲೆ ಗೊತ್ತಾಯಿತು, ಸೊಂಟದ ಮೇಲಿನ ಒಂದು ಮೂಳೆ ಕುಸಿದಿತ್ತು. ವಯಸ್ಸಾದ ಹೆಂಗಸರ ಮೂಳೆ ಟೊಳ್ಳಾಗಿರುತ್ತದೆ, ಇಂಥ ಒಂದು ಕುಕ್ಕು ಸಾಕು ಎಂದರು ಡಾಕ್ಟರು. ಎರಡು ತಿಂಗಳು ಬೆನ್ನಿಗೆ ಪಟ್ಟಿ. ಮೇ ತಿಂಗಳಲ್ಲಿ ಹಾಸನಕ್ಕೆ ಮರಳಬೇಕಿದ್ದವರು ಜುಲೈನಲ್ಲಿ ವೀಲ್‌ಚೇರ್‌ನಲ್ಲಿ ವಿಮಾನ ಹತ್ತಿದರು. ಊರಿಂದ ಹೊರಡುವಾಗಲೇ ವಿಮೆ ಮಾಡಿಸಿದ್ದರಿಂದ ಆಸ್ಪತ್ರೆ ಖರ್ಚು ತಪ್ಪಿತು. ಟೂರಿನವರು ಮಾತ್ರ ನಾವು ಸಹಿ ಹಾಕಿದ ಒಪ್ಪಿಗೆ ಪತ್ರ ತೋರಿಸಿ ಕೈತೊಳೆದುಕೊಂಡರು. ನೀವಾದರೂ ಸಹಿ ಹಾಕುವ ಮುಂಚೆ ಆ ಪತ್ರವನ್ನು ಪೂರ್ತಿ ಓದಿ.

ಆಮೇಲೆ ತಿಳಿಯಬೇಕೆಂದೇ ಬೇರೆ ಮೂರು ಟೂರಿನವರಿಗೆ ಫೋನ್ ಮಾಡಿದೆ. ಅವತ್ತಿನ ಭರತ ಎಷ್ಟು ಗಂಟೆಗೆ, ಆಗ ಬಸ್ಸು ಎಲ್ಲಿರುತ್ತದೆ, ಹಿರಿಯರಿಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಬರೆದುಕೊಡುತ್ತೀರಾ ಎಂದು ಕೇಳಿದೆ. ಇಬ್ಬರು ತಡವರಿಸಿದರು. ಮೂರನೆಯ ಹೆಂಗಸು ನಾನು ದರ ಕೇಳುವ ಮೊದಲೇ ಯಾರ್ಯಾರು ಬರುತ್ತೀರಿ, ವಯಸ್ಸೆಷ್ಟು ಎಂದು ವಿಚಾರಿಸಿದರು. ಅಮ್ಮನ ವಯಸ್ಸು ಹೇಳಿದೆ. "ಮೂಳೆ ಸವೆತ ಇದ್ದರೆ ಅವರನ್ನು ಬಸ್ಸಿನಲ್ಲಿ ಕರೆತರಬೇಡಿ, ಹಾರ್ವಿ ಬೇಯಿಂದ ಫೆರಿಯಲ್ಲಿ ಪಶ್ಚಿಮ ದಡಕ್ಕೆ ಬಂದು ಅಲ್ಲೇ ಒಂದು ದಿನ ಇದ್ದು ಹೋಗಿ" ಅಂದರು.